ಎಂಜಲು ಕಲ್ಲು

ಹೊಳೆನರಸೀಪುರದ ಗಂಗಾಂಬಿಕೆಗೆ ಈ ಲೋಕದಲ್ಲಿ ಅಸಹ್ಯವಾಗದ್ದು ಕಡಿಮೆ. ಹೋಟೆಲಿನ ಲೋಟ ಅಸಹ್ಯ, ಬಸ್ಸಿನ ಕಂಬಿ ಅಸಹ್ಯ, ಮದುವೆ ಊಟದಲ್ಲಿ ಪಕ್ಕದ ಎಲೆಯಿಂದ ಹಪ್ಪಳದ ಒಂದು ಚೂರು ಸಿಡಿದು ತನ್ನೆಲೆಗೆ ಬಿದ್ದರೆ ಅಲ್ಲಿಗೆ ಅವಳ ಊಟ ಮುಗಿಯಿತು. ಗಂಡ ಷಡಕ್ಷರಿ ಬೆರಳನ್ನು ನಾಲಿಗೆಗೆ ಒತ್ತಿ ಪೇಪರಿನ ಪುಟ ತಿರುವುತ್ತಾನೆಂದು ಮೂವತ್ತೆರಡು ವರ್ಷದಿಂದ ಮನೆಯಲ್ಲಿ ಅವಳೇ ಮೊದಲು ಪೇಪರು ಓದುತ್ತಾಳೆ. ಎಂಜಲು ಎಂಬ ಮಾತು ಆ ಮನೆಯಲ್ಲಿ ದಿನಕ್ಕೆ ಇಪ್ಪತ್ತು ಸಲವಾದರೂ ಕೇಳಿಸಬೇಕು. ಸೌಟು ಎಂಜಲು, ಚಮಚ ಎಂಜಲು, ಬಾಯಿಟ್ಟು ಕುಡಿದರೆ ಬಾಟಲಿ ಎಂಜಲು, ಆ ಬಾಟಲಿ ಇಟ್ಟ ಮೇಜೂ ಎಂಜಲು. ಹೀಗಾದರೆ ಮನುಷ್ಯರು ಬದುಕುವುದು ಹೇಗೆ ಎಂದು ಯಾರಾದರೂ ಕೇಳಿದರೆ, "ಬದುಕಿ, ಬೇಡ ಅಂದೋರ್ಯಾರು, ಸ್ವಲ್ಪ ದೂರದಲ್ಲಿ ಬದುಕಿ" ಅನ್ನುತ್ತಿದ್ದಳು.

ಇಂಥವಳು ಮೊಣಕೈವರೆಗೆ ಕೈ ಅದ್ದುತ್ತಿದ್ದದ್ದು ಎಂಥದ್ದರಲ್ಲಿ ಗೊತ್ತೇ? ಕಲ್ಲಿನ ರಾಡಿಯಲ್ಲಿ.

ಮನೆಯ ಹಿಂದೆ ಅವರದೊಂದು ಹಿಟ್ಟಿನ ಮಿಲ್ಲಿತ್ತು. ಊರವರೆಲ್ಲ ಪ್ಯಾಕೆಟ್ಟಿನ ಹಿಟ್ಟಿಗೆ ಬಿದ್ದ ಮೇಲೆ ರಾಗಿ ಬೀಸಿಸಲು ಬರುವವರು ವಾರಕ್ಕೆ ನಾಲ್ಕು ಜನವಾದರು. ಮೋಟಾರು ಸುಮ್ಮನೆ ಕೂತಿತು. ಐದು ವರ್ಷದ ಹಿಂದೆ ಗಂಗಾಂಬಿಕೆ ಫೋನಿನಲ್ಲಿ ಯಾರೋ ಕಲ್ಲು ಉರುಳಿಸಿ ಹೊಳಪು ಬರಿಸುವುದನ್ನು ನೋಡಿದಳು. ನೋಡಿದವಳು ಸುಮ್ಮನಿರಲಿಲ್ಲ. ಅದೇ ಮೋಟಾರಿಗೆ ಬೆಲ್ಟು ಹಾಕಿಸಿ, ಒಳಗೆ ರಬ್ಬರು ಹೊದಿಸಿದ ಎರಡು ಡ್ರಮ್ಮು ಕೂರಿಸಿದಳು. ಮಹಾರಾಷ್ಟ್ರದ ಕಡೆಯಿಂದ ಅಗೇಟು ಕಲ್ಲಿನ ಪಾರ್ಸಲ್ಲು ತರಿಸಿದಳು. ಬಂದಾಗ ಅವು ಮಣ್ಣು ಮೆತ್ತಿದ ಆಲೂಗಡ್ಡೆಯ ಹಾಗೆ ಇದ್ದವು. ಸಿಪ್ಪೆ ಸವೆಸಿದರೆ ಒಳಗೆ ಗೆರೆ ಗೆರೆ: ಹಾಲು ಬಿಳಿ, ಜೇನಿನ ಬಣ್ಣ, ಬೂದು ನೀಲಿ. ಷಡಕ್ಷರಿ ಅದನ್ನು ಗೆರೆಕಲ್ಲು ಎಂದು ಕರೆದ, ಕೇರಿಯಲ್ಲೂ ಅದೇ ಹೆಸರು ನಿಂತಿತು.

ಡ್ರಮ್ಮಿಗೆ ಕಲ್ಲು, ನೀರು, ಒರಟು ಸಾಣೆ ಪುಡಿ ಹಾಕಿ ಮುಚ್ಚಿ ಹಗಲೂ ರಾತ್ರಿ ಉರುಳಿಸಬೇಕು. ವಾರದ ಮೇಲೆ ತೆಗೆದು, ತೊಳೆದು, ಇನ್ನೂ ನಯವಾದ ಪುಡಿಯಲ್ಲಿ ಮತ್ತೊಂದು ವಾರ, ಅದಕ್ಕಿಂತ ನಯವಾದದ್ದರಲ್ಲಿ ಇನ್ನೊಂದು ವಾರ. ಕೊನೆಗೆ ಮುಖದ ಪೌಡರಿನಂಥ ಬಿಳಿ ಪುಡಿಯಲ್ಲಿ ಹೊಳಪಿನ ವಾರ. ತೊಳೆದು ಒಣಗಿಸುವುದೆಲ್ಲ ಸೇರಿದರೆ ಐದು ವಾರ. ಒಂದೊಂದು ಸಲ ಮುಚ್ಚಳ ಬಿಚ್ಚುವಾಗಲೂ ಬುಸ್ಸೆಂದು ಗಾಳಿ ಹೊರಟು ಕೊಳೆತ ಮೊಟ್ಟೆಯ ನಾತ ಎದ್ದು ಅಂಗಳಕ್ಕೆಲ್ಲ ಹರಡುತ್ತಿತ್ತು. ಮೊಟ್ಟೆಯನ್ನು ಹೊಸ್ತಿಲು ದಾಟಿಸದ ಮನೆ ಅದು. ಷಡಕ್ಷರಿ ಮೂಗಿಗೆ ಟವೆಲ್ಲು ಒತ್ತಿಕೊಂಡು, "ಲೇ ಗಂಗಾ, ನಾನು ಒಂದು ಪುಟ ತಿರುಗಿಸಿದ್ರೆ ಅಸಹ್ಯ, ಇದು ಅಸಹ್ಯ ಅಲ್ವೇನೇ" ಎಂದು ಕೇಳುತ್ತಿದ್ದ.

"ಇದು ಕಲ್ಲಿಂದು ಕಣ್ರೀ. ಕಲ್ಲಿಗೆ ಬಾಯಿಲ್ಲ. ಬಾಯಿಲ್ಲದ್ದು ಎಂಜಲಾಗಲ್ಲ" ಎಂದು ಅವಳು ಬೂದು ಬಣ್ಣದ ಆ ಲೋಳೆಗೆ ಕೈ ಇಳಿಬಿಟ್ಟು ಒಂದೊಂದೇ ಕಲ್ಲನ್ನು ಹೆಕ್ಕಿ ತೆಗೆಯುತ್ತಿದ್ದಳು.

ಅವಳದೊಂದು ಕಟ್ಟುನಿಟ್ಟು ಇತ್ತು. ಕಲ್ಲನ್ನು ಒಣಗಿಸಿಯೇ ನೋಡಬೇಕು. ನೀರಲ್ಲಿ ಅದ್ದಿದರೆ ಬೀದಿಯ ಜಲ್ಲಿಯೂ ಹೊಳೆಯುತ್ತದೆ, ಅದರಲ್ಲೇನು ದೊಡ್ಡಸ್ತಿಕೆ? ಬಿಸಿಲಲ್ಲಿ ಒಣಗಿದ ಮೇಲೂ ಮುಖ ಕಾಣಿಸಬೇಕು, ಅದು ಹೊಳಪು. ಇಂಟರ್ನೆಟ್ಟಿನಲ್ಲಿ ಕಲ್ಲು ಮಾರುವವರು ಅದಕ್ಕೆ ನೀರು ಚಿಮುಕಿಸಿ, ಎಣ್ಣೆ ಸವರಿ ಫೋಟೋ ಹಾಕುವುದನ್ನು ನೋಡಿದರೆ ಅವಳಿಗೆ ಮೈಯೆಲ್ಲ ಉರಿ. "ಥೂ, ಸುಳ್ಳು ಬಡಕರು. ಹೆಣಕ್ಕೆ ಪೌಡರ್ ಹಚ್ಚಿ ಹೆಣ್ಣು ತೋರಿಸ್ತಾರೆ" ಎಂದು ಫೋನನ್ನು ಮಗುಚಿ ಹಾಕುತ್ತಿದ್ದಳು. ಕಲ್ಲು ಕೊಂಡವರಿಗೆಲ್ಲ ಈ ಪಾಠ ತಪ್ಪಿದ್ದಲ್ಲ. ಹೀಗಾಗಿ ಗಂಗಾಂಬಿಕೆಯ ಕಲ್ಲು ಎಂದರೆ ಕಣ್ಣು ಮುಚ್ಚಿಕೊಂಡು ನಂಬಬಹುದು ಎಂಬ ಹೆಸರು ಹಾಸನದವರೆಗೂ ಹೋಗಿತ್ತು.

ಆ ಹೆಸರು ಕೇಳಿಕೊಂಡೇ ರೂಪಶ್ರೀ ಬಂದಳು. ಹಾಸನದ ಒಂದು ಕಾಲೇಜಿನಲ್ಲಿ ಇತಿಹಾಸದ ಲೆಕ್ಚರರ್. ಕಾಲೇಜಿನ ಪುಟ್ಟ ಮ್ಯೂಸಿಯಮ್ಮನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ಗಾಜಿನ ಪೆಟ್ಟಿಗೆಯಲ್ಲಿ ಹನ್ನೆರಡು ಕಲ್ಲು, ಮೇಲೆ ಗೋಡೆಯಲ್ಲಿ ಒಂದೊಂದರದೂ ದೊಡ್ಡ ಫೋಟೋ, ಕೆಳಗೊಂದು ಕಾರ್ಡು. ಕಾರ್ಡಿನಲ್ಲಿ "ಹೊಳಪು: ಗಂಗಾಂಬಿಕೆ, ಹೊಳೆನರಸೀಪುರ" ಎಂದು ಅಚ್ಚಾಗುತ್ತದೆ ಎಂದಳು.

ಗಂಗಾಂಬಿಕೆಯ ಹೆಸರು ಅದುವರೆಗೆ ಎಲ್ಲೂ ಅಚ್ಚಾಗಿರಲಿಲ್ಲವೆಂದಲ್ಲ. ರೇಷನ್ ಕಾರ್ಡಿನಲ್ಲಿತ್ತು, ಮತದಾರರ ಪಟ್ಟಿಯಲ್ಲಿತ್ತು, ನೆಂಟರ ಲಗ್ನಪತ್ರಿಕೆಗಳಲ್ಲಿ ಶ್ರೀಮತಿ ಮತ್ತು ಶ್ರೀ ಎಂಬುದರ ಬಾಲದಲ್ಲಿತ್ತು. ತಾನು ಮಾಡಿದ ಕೆಲಸದ ಪಕ್ಕದಲ್ಲಿ ಮಾತ್ರ ಇರಲಿಲ್ಲ. ಅವತ್ತು ರೂಪಶ್ರೀ ಹೋದ ಮೇಲೆ ಅವಳು ಮೂರು ಸಲ ಮುಖ ತೊಳೆದಳು, ಯಾಕೆಂದು ಅವಳಿಗೇ ಗೊತ್ತಿರಲಿಲ್ಲ.

"ಒಂದೇ ಒಂದು ಮಾತು ಆಂಟಿ," ಎಂದಿದ್ದಳು ರೂಪಶ್ರೀ ಗೇಟಿನ ಹತ್ತಿರ. "ಹನ್ನೆರಡರಲ್ಲಿ ಒಂದಾದ್ರೂ ನಮ್ಮ ಜಿಲ್ಲೆದೇ ಕಲ್ಲಿರಬೇಕು. ಇಲ್ಲಾಂದ್ರೆ ಪ್ರಿನ್ಸಿಪಾಲ್ ಒಪ್ಪಲ್ಲ. ಬೇರೆ ಕಡೆ ಕಲ್ಲು ನಮಗ್ಯಾಕೆ ಅಂತಾರೆ."

ಜಿಲ್ಲೆಯ ಕಲ್ಲು ಒಂದಿತ್ತು. ಗಂಗಾಂಬಿಕೆಯ ತವರು ನುಗ್ಗೇಹಳ್ಳಿ. ಅಲ್ಲಿ ಅಣ್ಣನ ತೆಂಗಿನ ತೋಟದ ಬದುವಿನಲ್ಲಿ ಸಿಕ್ಕಿದ್ದು, ಮುಷ್ಟಿಗಾತ್ರದ್ದು, ಹಸಿರಿನಲ್ಲಿ ಬಿಳಿ ಗೆರೆ ಓಡಿತ್ತು. ನೋಡಲು ಚೆಲುವೆ, ಆದರೆ ಮಹಾ ಹಟಮಾರಿ. ಗಟ್ಟಿ ಗೆರೆಯ ಪಕ್ಕದಲ್ಲೇ ಮೆತ್ತನೆ ಗೆರೆ. ಗಟ್ಟಿಯದು ಹೊಳಪಿಗೆ ಬರುವಷ್ಟರಲ್ಲಿ ಮೆತ್ತನೆಯದು ಸವೆದು ತರಿತರಿಯಾಗುತ್ತಿತ್ತು. ಒಂದು ಸಲ ಐದು ವಾರ ಉರುಳಿಸಿದಳು, ಮಂಕು. ಎರಡನೇ ಸಲ ಉರುಳಿಸಿದಳು, ಮಂಕು. ಮೂರನೇ ಸಲಕ್ಕೆ ಬೇರೆ ಕಲ್ಲಿನ ಸಹವಾಸವೇ ಬೇಡವೆಂದು ಒಂದನ್ನೇ ಹಾಕಿ, ಜೊತೆಗೆ ಪೆಟ್ಟು ಬೀಳದಿರಲೆಂದು ಪ್ಲಾಸ್ಟಿಕ್ ಮಣಿ ತುಂಬಿ, ಉಸಿರು ಬಿಗಿಹಿಡಿದು ಕಾದಳು. ಉಳಿದ ಹನ್ನೊಂದು ಕಲ್ಲು ಕನ್ನಡಿಯಂತೆ ಎದ್ದು ಬಂದವು. ನುಗ್ಗೇಹಳ್ಳಿಯದು ಒದ್ದೆಯಿದ್ದಾಗ ದೇವತೆ, ಬಿಸಿಲಿಗಿಟ್ಟು ಕಾಲು ಗಂಟೆಗೆ ಒಲೆಗಲ್ಲು.

ಫೋಟೋ ತೆಗೆಯಲು ನಾಳೆ ಜನ ಬರುತ್ತಾರೆ ಎಂದು ರೂಪಶ್ರೀಯ ಫೋನು ಬಂತು. ಆ ಮಧ್ಯಾಹ್ನ ಷಡಕ್ಷರಿ ಮಲಗಿದ್ದಾಗ ಗಂಗಾಂಬಿಕೆ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಡಬ್ಬಿ ತಂದು ಮಿಲ್ಲಿನ ಬಾಗಿಲು ಮುಂದಕ್ಕೆ ಹಾಕಿಕೊಂಡಳು. ಮೂರು ಹನಿ. ಹತ್ತಿಯಲ್ಲಿ ಸವರಿ, ಹಳೇ ಪಂಚೆಯ ತುಂಡಿನಲ್ಲಿ ಒರೆಸಿ, ಮತ್ತೆ ಸವರಿ ಮತ್ತೆ ಒರೆಸಿದಳು. ಕಲ್ಲು ಎಣ್ಣೆ ಕುಡಿಯಿತು. ಹಸಿರು ಆಳವಾಯಿತು, ಬಿಳಿ ಗೆರೆ ಎದ್ದು ನಿಂತಿತು. ಕಿಟಕಿಯ ಬೆಳಕಿಗೆ ಹಿಡಿದರೆ ಯಾವ ಹೊಳಪಿಗೂ ಕಡಿಮೆಯಿರಲಿಲ್ಲ. ಫೋನಿನಲ್ಲಿ ಒಂದು ಫೋಟೋ ತೆಗೆದು ರೂಪಶ್ರೀಗೆ ಕಳಿಸಿದಳು. ಹೆಣಕ್ಕೆ ಪೌಡರು ಎಂದ ಬಾಯಿ ಇದೇ ತಾನೇ? ಅವಳಿಗೆ ಅದು ನೆನಪಾಗಲಿಲ್ಲವೆಂದರೆ ಸುಳ್ಳು. ನೆನಪಾಯಿತು. ಒಂದು ಕಲ್ಲಿಗೆ, ಒಂದೇ ಒಂದು ಸಲ, ಯಾರಿಗೆ ಗೊತ್ತಾಗಬೇಕು ಎಂದುಕೊಂಡು ಕೈಗೆ ಸೋಪು ಹಾಕಿ ತೊಳೆದಳು.

ಮಾರನೇ ದಿನ ಬೆಳಗ್ಗೆ ಹತ್ತಕ್ಕೆ ಫೋಟೋದವನು ಬೈಕಿನಲ್ಲಿ ಬಂದ. ಅರಕಲಗೂಡಿನ ಸುದರ್ಶನ್, ಮೂವತ್ತೈದರ ಪ್ರಾಯ, ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಅವನ ಸ್ಟುಡಿಯೋ. ಮದುವೆ ಫೋಟೋ ತೆಗೆಯುವುದರ ಜೊತೆಗೆ ಚನ್ನರಾಯಪಟ್ಟಣದ ಒಡವೆ ಅಂಗಡಿಯೊಂದಕ್ಕೆ ಒಡವೆಗಳ ಫೋಟೋ ತೆಗೆದುಕೊಡುತ್ತಿದ್ದನಂತೆ. ಚಪ್ಪಲಿ ಹೊರಗೆ ಬಿಟ್ಟ, ಕೇಳದೆ ಏನನ್ನೂ ಮುಟ್ಟಲಿಲ್ಲ, ಕೊಟ್ಟ ಕಾಫಿಯನ್ನು ಲೋಟ ಎತ್ತಿ ಹಿಡಿದು ತುಟಿಗೆ ತಾಗಿಸದೆ ಕುಡಿದ. ಗಂಗಾಂಬಿಕೆಗೆ ಅವನು ಹಿಡಿಸಿಯೇ ಹೋದ. ಮಿಲ್ಲಿನ ಬಾಗಿಲ ಬಳಿ ಸ್ಟೂಲಿನ ಮೇಲೆ ಬಿಳಿ ಬಟ್ಟೆಯ ಗೂಡು ಕಟ್ಟಿಕೊಂಡು ಒಂದೊಂದೇ ಕಲ್ಲನ್ನು ಇಟ್ಟು, ದೀಪ ಸರಿಸಿ, ನೆಲಕ್ಕೆ ಮಂಡಿಯೂರಿ ತೆಗೆಯತೊಡಗಿದ. ಷಡಕ್ಷರಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಪೇಪರು ಹಿಡಿದು ಕೂತಿದ್ದ.

"ಒಳ್ಳೆ ಕೆಲ್ಸ ಮಾಡಿದೀರ ಕಣಮ್ಮ," ಎಂದ ಸುದರ್ಶನ್ ಆರನೇ ಕಲ್ಲಿಗೆ. "ನನ್ನ ಮೋರೆ ಕಾಣ್ತದೆ ಇದ್ರಲ್ಲಿ. ಲೈಟು ಎಲ್ಲಿಡದು ಅಂತಾನೇ ತಿಳೀತಿಲ್ಲ."

ಅವಳು ಒಳಗೆ ಹೋಗಿ ಅಡುಗೆ ನೋಡಿಕೊಂಡು ಬಂದಳು. ಬರುವ ಹೊತ್ತಿಗೆ ಹನ್ನೊಂದು ಕಲ್ಲಿನದು ಮುಗಿದು ಅವನ ಕೈಯಲ್ಲಿ ನುಗ್ಗೇಹಳ್ಳಿಯ ಕಲ್ಲಿತ್ತು. ಅವನು ಅದನ್ನು ಮೂಗಿನ ಹತ್ತಿರ ತಂದ. ಬ್ಯಾಗಿನಿಂದ ಸಣ್ಣ ಶೀಸೆ ತೆಗೆದು ಬಟ್ಟೆಗೆ ಏನೋ ಸುರಿದುಕೊಂಡು ಒರೆಸಿದ. ಬೆಳಕಿಗೆ ಹಿಡಿದ, ಹಸಿರು ಕಳೆಗುಂದಿತ್ತು. ಬಾಟಲಿಯ ನೀರು ಚಿಮುಕಿಸಿದ, ತಲೆ ಅಲ್ಲಾಡಿಸಿದ. ಆಮೇಲೆ ಷಡಕ್ಷರಿ ಪೇಪರಿನಲ್ಲಿ ಮುಳುಗಿದ್ದನ್ನು ಕಂಡು, ಯಾರೂ ನೋಡುತ್ತಿಲ್ಲವೆಂದುಕೊಂಡು, ಕಲ್ಲನ್ನು ಬಾಯಿಗೆ ತಂದು, ನಾಲಿಗೆ ಚಾಚಿ, ಈ ತುದಿಯಿಂದ ಆ ತುದಿಗೆ ನೆಕ್ಕಿದ.

ಗಂಗಾಂಬಿಕೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆ ಒದ್ದೆ ಗುರುತು, ಅದರ ಮೇಲೆ ಬೀಳುತ್ತಿದ್ದ ಬೆಳಕು, ಅವನ ತುಟಿಯ ಪಸೆ, ಎಲ್ಲವೂ ಕಣ್ಣಿಗೆ ಹತ್ತು ಪಟ್ಟು ದೊಡ್ಡದಾಗಿ ಕಂಡಿತು. ಕ್ಯಾಮೆರಾ ಕ್ಲಿಕ್ಕೆಂದಿತು.

"ಏನಪ್ಪಾ ಮಾಡ್ತಿದೀಯ ನೀನು?"

ಸುದರ್ಶನ್ ತಿರುಗಿದ. "ಏನಿಲ್ಲ ಕಣಮ್ಮ. ಇದೊಂದು ಕಲರ್ ಬತ್ತಿರ್ಲಿಲ್ಲ, ಅದಕ್ಕೆ..."

"ಅದಕ್ಕೆ ನೆಕ್ಕೋದಾ? ನನ್ನ ಕಲ್ಲು ಎಂಜಲು ಮಾಡಿದೆಯಲ್ಲಪ್ಪ."

"ನೀರು ನಿಲ್ತಿರ್ಲಿಲ್ಲ ಕಣಮ್ಮ," ಎಂದ ಅವನು ಮೆತ್ತಗೆ. "ಒರೆಸಿದ್ರೂ ನಿಲ್ತಿಲ್ಲ. ಗುಂಡುಗುಂಡಾಗಿ ಜಾರ್ಕಂಡು ಓಯ್ತದೆ. ಉಗುಳಾದ್ರೆ ಕಚ್ಕತದೆ, ಅದಕ್ಕೇ..." ಅಷ್ಟು ಹೇಳಿ ಷಡಕ್ಷರಿಯ ಕಡೆ ಒಮ್ಮೆ ನೋಡಿದ, ಗಂಗಾಂಬಿಕೆಯ ಕಡೆ ಒಮ್ಮೆ ನೋಡಿದ, ಬಾಯಿ ಮುಚ್ಚಿಕೊಂಡ.

ಕಲ್ಲಿನ ಮೇಲೆ ನೀರು ಗುಂಡಾಗಿ ಜಾರುವುದು ಎಣ್ಣೆಯ ಪಸೆ ಇದ್ದರೆ ಮಾತ್ರ. ಐದು ವರ್ಷ ಕಲ್ಲು ತೊಳೆದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವನಿಗೆ ಗೊತ್ತಾಗಿದೆ ಎಂಬುದು ಅವಳಿಗೆ ಗೊತ್ತಾಯಿತು. ಸಿಕ್ಕಿಬಿದ್ದ ಮನುಷ್ಯರು ತಣ್ಣಗಾಗಬೇಕಲ್ಲವೇ, ಎಲ್ಲಾದರೂ ಉಂಟೇ? ಅವಳ ಗಂಟಲು ಇನ್ನೂ ಮೇಲಕ್ಕೇರಿತು.

"ನಾಯಿ ನೆಕ್ಕುತ್ತೆ, ಬೆಕ್ಕು ನೆಕ್ಕುತ್ತೆ. ಮನುಷ್ಯ ಅನ್ನಿಸಿಕೊಂಡೋನು ಊರೋರ ಸಾಮಾನು ನೆಕ್ತಾನೇನು? ಮದುವೆ ಮನೇಲಿ ಹೆಣ್ಣಿನ ಮುಖ ಹೊಳೀದೇ ಹೋದ್ರೆ ಅಲ್ಲೂ ಇದೇನಾ ನಿಂದು? ಒಡವೆ ಅಂಗಡೀಲೂ ಇದೇನಾ? ಥೂ, ಹೇಸಿಗೆ. ಎತ್ತು ನಿನ್ನ ಗಂಟುಮೂಟೆ."

"ಸಾಕು ಬಿಡೇ ಗಂಗಾ," ಎಂದ ಷಡಕ್ಷರಿ ಪೇಪರು ಮಡಚಿ.

ಸುದರ್ಶನನ ಮುಖ ಕೆಂಪಗಾಗಿತ್ತು. ಗೂಡು ಬಿಚ್ಚಿ, ದೀಪ ಆರಿಸಿ, ಬ್ಯಾಗು ತುಂಬಿಕೊಂಡ. ನುಗ್ಗೇಹಳ್ಳಿಯ ಕಲ್ಲನ್ನು ತನ್ನ ಕರ್ಚೀಫಿನಲ್ಲಿ ಒರೆಸಿ ಉಳಿದವುಗಳ ಪಕ್ಕದಲ್ಲಿಟ್ಟ. "ಬತ್ತೀನಿ ಸಾ" ಎಂದು ಷಡಕ್ಷರಿಗೆ ಕೈ ಮುಗಿದು ಹೊರಟುಹೋದ.

ಗಂಗಾಂಬಿಕೆ ಅಷ್ಟಕ್ಕೆ ಬಿಟ್ಟಳೇ? ಮೊದಲು ರೂಪಶ್ರೀಗೆ ಫೋನು ಮಾಡಿದಳು. ನೀವು ಕಳಿಸಿದ ಮನುಷ್ಯ ಶೀಸೆಯದೇನೋ ಹಾಕಿ ಕಲ್ಲು ಒರೆಸಿದ, ಆಮೇಲೆ ನೆಕ್ಕಿದ, ನನ್ನ ಕಣ್ಣಾರೆ ಕಂಡೆ ಎಂದಳು. ಆಮೇಲೆ ಕಾಂಪೌಂಡಿನಾಚೆಯ ಪಾರ್ವತಮ್ಮನಿಗೆ ಹೇಳಿದಳು. ಸಂಜೆ ಹಾಲಿನವನಿಗೂ ಹೇಳಿದಳು. ಹೇಳುತ್ತ ಹೇಳುತ್ತ ನಾಲಿಗೆ ಉದ್ದವಾಯಿತು, ಹೆಣ್ಣಿನ ಮುಖದ ಮಾತೂ ಸೇರಿಕೊಂಡಿತು. ಕೇಳಿದವರೆಲ್ಲ ಥೂ ಎಂದರು, ನಕ್ಕರು. ಅವನು ಮೊದಲು ಬಾಯಿ ತೆರೆದು ಎಣ್ಣೆಯ ವಿಷಯ ಹೇಳಿಬಿಟ್ಟರೆ ಎಂಬ ಭಯ ಅವಳ ಬೆನ್ನ ಹಿಂದೆಯೇ ನಿಂತಿತ್ತು. ಇವಳು ಹೇಳಿದಷ್ಟೂ ಅವನ ಮಾತು ನಂಬುವವರು ಕಡಿಮೆಯಾಗುತ್ತಾರೆ ಎಂಬ ಲೆಕ್ಕ ಒಳಗೆಲ್ಲೋ ನಡೆಯುತ್ತಿತ್ತು.

ವಾರದ ನಂತರ ಹನ್ನೆರಡು ಕಲ್ಲನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು ಹಾಸನದ ಬಸ್ಸು ಹತ್ತಿದಳು. ಕಾಲೇಜಿನಲ್ಲಿ ರೂಪಶ್ರೀ ಬೇಸಿನ್ನು, ಬಿಸಿನೀರು, ಸೋಪಿನ ಪುಡಿ ಎಲ್ಲ ಸಿದ್ಧ ಮಾಡಿಟ್ಟಿದ್ದಳು.

"ನೀವು ಹೇಳಿದ್ಮೇಲೆ ನಂಗೂ ಅಸಹ್ಯ ಆಯ್ತು ಆಂಟಿ. ಹಂಗೇ ಇಡೋಕಾಗುತ್ತಾ? ತೊಳ್ದುಬಿಡೋಣ," ಎಂದು ಗಂಗಾಂಬಿಕೆ ಬೇಡ ಅನ್ನುವಷ್ಟರಲ್ಲಿ ಎಲ್ಲವನ್ನೂ ಬೇಸಿನ್ನಿಗೆ ಸುರಿದಳು. ಬ್ರಷ್ಷು ಹಾಕಿ ತಿಕ್ಕಿದಳು. ಟವೆಲ್ಲಿನ ಮೇಲೆ ಹರಡಿ ಫ್ಯಾನು ಹಾಕಿದಳು. ಹನ್ನೊಂದು ಕಲ್ಲು ಒಣಗಿ ಮಿಂಚಿದವು. ಹನ್ನೆರಡನೆಯದು ನೋಡ ನೋಡುತ್ತಿದ್ದಂತೆ ಬೂದಿಯ ಬಣ್ಣಕ್ಕೆ ತಿರುಗಿತು.

ರೂಪಶ್ರೀ ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. "ಅಯ್ಯೋ, ಇದೇನಾಂಟಿ. ಅವತ್ತು ನೀವು ಕಳಿಸಿದ ಫೋಟೋದಲ್ಲಿ ಎಷ್ಟು ಚೆನ್ನಾಗಿತ್ತು. ಅವನು ಏನೋ ಶೀಸೇದು ಹಾಕಿ ಒರೆಸ್ದ ಅಂದ್ರಲ್ಲ, ಅದೇ ಹಾಳು ಮಾಡಿರೋದು. ನಿಮ್ಮ ಐದು ವಾರದ ಕೆಲಸ ಮಣ್ಣುಪಾಲು ಮಾಡ್ಬಿಟ್ಟ, ಅಲ್ವಾ?"

ಬಾಯಿ ತೆರೆಯಲು ಅದು ಸರಿಯಾದ ಗಳಿಗೆ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮೇಜಿನ ಮೇಲೆ ಹೊಸದಾಗಿ ಅಚ್ಚಾಗಿ ಬಂದ ಕಾರ್ಡಿತ್ತು. ಹೊಳಪು: ಗಂಗಾಂಬಿಕೆ. ದಪ್ಪ ಅಕ್ಷರ, ಅಂಚಿಗೆ ಚಿನ್ನದ ಗೆರೆ.

"ಹೂಂ," ಎಂದಳು ಗಂಗಾಂಬಿಕೆ.

ಅಷ್ಟೇ, ಒಂದು ಹೂಂ. ಕಥೆ ಕೇಳುವವರು ಅನ್ನುವ ಹೂಂ, ನಿದ್ದೆಗಣ್ಣಿನಲ್ಲಿ ಅನ್ನುವ ಹೂಂ. ಅದರಲ್ಲಿ ಹೌದೂ ಇಲ್ಲ ಅಲ್ಲವೂ ಇಲ್ಲ ಎಂದು ಅವಳು ವಾಪಸ್ಸು ಬರುವಾಗ ಬಸ್ಸಿನಲ್ಲಿ ತನಗೆ ತಾನೇ ಹೇಳಿಕೊಂಡಳು. ಆದರೆ ರೂಪಶ್ರೀಗೆ ಅದು ಹೌದು. ಅವಳು ಅವತ್ತೇ ಲೆಕ್ಚರರ್‌ಗಳ ವಾಟ್ಸಾಪ್ ಗುಂಪಿನಲ್ಲಿ, ಅರಕಲಗೂಡಿನ ಈ ಫೋಟೋಗ್ರಾಫರಿಗೆ ಯಾರೂ ಕೆಲಸ ಕೊಡಬೇಡಿ, ಬೆಲೆಬಾಳುವ ಕಲ್ಲು ಹಾಳು ಮಾಡಿದ್ದಾನೆ, ಸಾಮಾನು ಬಾಯಿಗಿಡುತ್ತಾನೆ ಎಂದು ಹಾಕಿದಳು. ನುಗ್ಗೇಹಳ್ಳಿಯ ಕಲ್ಲನ್ನು ಹಾಗೇ ಇಡೋಣ, ಜಿಲ್ಲೆಯದು ಅದೊಂದೇ ತಾನೇ ಎಂದು, ಅದರ ಕೆಳಗೆ "ಫೋಟೋ ತೆಗೆಯುವಾಗ ಹೊಳಪು ಹಾಳಾಗಿದೆ" ಎಂಬ ಚೀಟಿಯನ್ನೂ ಬರೆಸಿದಳು.

ತಿಂಗಳು ಕಳೆಯಿತು. ಚನ್ನರಾಯಪಟ್ಟಣದ ಕಲ್ಯಾಣ ಮಂಟಪವೊಂದರಲ್ಲಿ ಷಡಕ್ಷರಿಯ ನೆಂಟರ ಮನೆಯ ನಾಮಕರಣ. ಗಂಗಾಂಬಿಕೆ ಊಟಕ್ಕೆ ಕೂತಿದ್ದಳು. ಎದುರು ಸಾಲಿನಲ್ಲಿ ಯಾರೋ ಕ್ಯಾಮೆರಾದವನನ್ನು ತೋರಿಸಿ, "ಇವನು ಪರವಾಗಿಲ್ವಾ? ನೆಕ್ಕಲ್ಲ ತಾನೇ?" ಎಂದರು. ಸಾಲಿಗೆ ಸಾಲೇ ನಕ್ಕಿತು.

"ಅದೇನ್ರೀ ಅದು?" ಎಂದು ಕೇಳಿದರು ಒಬ್ಬರು.

"ಗೊತ್ತಿಲ್ವಾ? ಅರಕಲಗೂಡಲ್ಲಿ ನೆಕ್ಕೋ ಸುದರ್ಶನ ಅಂತ ಇದಾನೆ. ಮದುವೆ ಹೆಣ್ಣಿನ ಕೆನ್ನೆ ಹೊಳೀಲಿಲ್ಲ ಅಂತ ನೆಕ್ಕಿಬಿಟ್ನಂತೆ. ನಮ್ಮ ಭಾವಮೈದುನನ ಮಗಳ ಮದುವೆಗೆ ಅವನನ್ನೇ ಗೊತ್ತುಮಾಡಿದ್ರು. ಗಂಡಿನ ಕಡೆಯೋರು ಆಗಲ್ಲ ಅಂದ್ರು, ಬಿಡಿಸಿದ್ರು. ಇಲ್ಲಿ ಒಡವೆ ಅಂಗಡಿಯೋರೂ ಒಳಗೆ ಸೇರಿಸ್ತಿಲ್ಲ. ಅವನ ಹೆಂಡತಿ ತಲೆ ಎತ್ಕೊಂಡು ಬೀದೀಲಿ ಓಡಾಡೋ ಹಾಗಿಲ್ವಂತೆ."

ಹೇಳುತ್ತಿದ್ದವನ ಬಾಯಲ್ಲಿ ಹೋಳಿಗೆಯಿತ್ತು. ಅಗಿಯುತ್ತಲೇ ಹೇಳುತ್ತಿದ್ದ, ತುಟಿಯಂಚಿನಲ್ಲಿ ತುಪ್ಪ ಇಳಿಯುತ್ತಿತ್ತು. ಅವನು ಅಗಿಯುತ್ತಿದ್ದದ್ದು ಹೋಳಿಗೆಯಲ್ಲ, ತನ್ನ ಮಾತು ಎಂದು ಗಂಗಾಂಬಿಕೆಗೆ ಅನ್ನಿಸಿತು. ಹೆಣ್ಣಿನ ಮುಖ ಎಂದು ಮೊದಲು ಉಗುಳಿದ್ದು ಅವಳು. ಅದನ್ನು ಪಾರ್ವತಮ್ಮ ಬಾಯಿಗೆ ಹಾಕಿಕೊಂಡಳು, ಹಾಲಿನವನು ಹಾಕಿಕೊಂಡ, ಅಲ್ಲಿಂದ ಬಾಯಿಂದ ಬಾಯಿಗೆ ದಾಟಿ ಮೂರು ತಾಲ್ಲೂಕು ಸುತ್ತಿ, ಎಲ್ಲರ ಜೊಲ್ಲು ಮೆತ್ತಿಕೊಂಡು ಈಗ ಅವಳ ಎಲೆಯ ಮುಂದೆ ಬಂದು ಬಿದ್ದಿತ್ತು. ಎದ್ದು ಹೋಗಿ ಕೈ ತೊಳೆಯುವ ತೊಟ್ಟಿಯ ಹತ್ತಿರ ವಾಂತಿ ಮಾಡಿಕೊಂಡಳು. ಊಟದಲ್ಲಿ ಏನು ಹೆಚ್ಚುಕಮ್ಮಿಯಾಯಿತೆಂದು ಷಡಕ್ಷರಿ ಓಡಿಬಂದ.

"ಊಟ ಚೆನ್ನಾಗೇ ಇತ್ತು ಕಣ್ರೀ," ಎಂದಳು. "ನನ್ನ ಕಂಡ್ರೆ ನಂಗೇ ಹೇಸಿಗೆ ಆಯ್ತು." ಬಾಯಿ ಮುಕ್ಕಳಿಸಿ, ಅಲ್ಲೇ ನಿಂತುಕೊಂಡು ಕೊಬ್ಬರಿ ಎಣ್ಣೆಯ ವಿಷಯ ಪೂರ್ತಿ ಹೇಳಿದಳು. ಷಡಕ್ಷರಿ ನಲ್ಲಿ ನಿಲ್ಲಿಸಿದ. "ಆ ಹುಡುಗ ಅವತ್ತು ನನ್ನ ಮುಖ ನೋಡಿದ ಕಣೇ" ಎಂದ.

ಮರುದಿನವೇ ಹಾಸನಕ್ಕೆ ಹೋದಳು. ರೂಪಶ್ರೀಯ ಎದುರು ಕೂತು ಒಂದೂ ಬಿಡದೆ ಹೇಳಿದಳು. ರೂಪಶ್ರೀ ಎದ್ದು ಬಾಗಿಲು ಮುಚ್ಚಿ ಬಂದಳು.

"ಆಂಟಿ, ಆಗಿದ್ದಾಯ್ತು ಬಿಡಿ. ಕಾರ್ಡು, ಫೋಟೋ ಎಲ್ಲ ಹಾಕಿ ಆಗಿದೆ, ಪ್ರಿನ್ಸಿಪಾಲ್ ನೋಡಿ ಹೊಗಳಿದ್ದಾರೆ. ಈಗ ಹೇಳಿದ್ರೆ ನಿಮ್ಮ ಹೆಸರೂ ಹಾಳು, ನಂದೂ ಹಾಳು. ಹೇಗೂ ಅವನ ಹೆಸರು ಕೆಟ್ಟಿದೆ. ಅದು ಅಲ್ಲಿಗೇ ಇರಲಿ."

ಎಷ್ಟು ಸಲೀಸಾಗಿ ಅಂದಳು. ನೆಲ ಒರೆಸಿದ ಬಟ್ಟೆ ಹೇಗೂ ಕೊಳೆಯಾಗಿದೆ, ಇದನ್ನೂ ಅದರಲ್ಲೇ ಒರೆಸಿಬಿಡೋಣ ಅಂದ ಹಾಗೆ. ಗಂಗಾಂಬಿಕೆ ಅವಳ ಮುಖವನ್ನೇ ನೋಡಿದಳು. ಬೈಯಲು ಬಾಯಿಗೆ ಬಂದದ್ದು ಅಲ್ಲೇ ನಿಂತಿತು. ಒಂದು ತಿಂಗಳು ತಾನು ಮಾಡಿದ್ದೂ ಇದೇ ಲೆಕ್ಕಾಚಾರ.

"ಪೆಟ್ಟಿಗೆ ತೆಗೀರಿ ಮೇಡಂ," ಎಂದಳು. "ಆ ಚೀಟಿ ಹರೀರಿ, ನನ್ನ ಕಾರ್ಡೂ ಹರೀರಿ. ಗುಂಪಲ್ಲಿ ನಿಜ ಏನು ಅಂತ ನೀವೇ ಹಾಕಿ, ನನ್ನ ಹೆಸರು ಹಿಡಿದೇ ಹಾಕಿ. ಹಾಕಲ್ಲ ಅಂದ್ರೆ ಪ್ರಿನ್ಸಿಪಾಲ್ ರೂಮಿಗೆ ನಾನೇ ಹೋಗ್ತೀನಿ."

ಕಾರ್ಡನ್ನು ಅವಳೇ ಹರಿದಳು. ಚಿನ್ನದ ಗೆರೆಯ ದಪ್ಪ ಕಾಗದ, ಸುಲಭಕ್ಕೆ ಹರಿಯಲಿಲ್ಲ. ಗುಂಪಿನಲ್ಲಿ ರೂಪಶ್ರೀ ಬರೆದು ಕಳಿಸುವವರೆಗೂ ಪಕ್ಕದಲ್ಲಿ ನಿಂತು ಓದಿ, ನುಗ್ಗೇಹಳ್ಳಿಯ ಕಲ್ಲನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಅರಕಲಗೂಡಿನ ಬಸ್ಸು ಹಿಡಿದಳು.

ಸ್ಟುಡಿಯೋ ಹುಡುಕುವುದು ಕಷ್ಟವಾಗಲಿಲ್ಲ. ಸುದರ್ಶನ್ ಎಂದು ಕೇಳಿದ್ದಕ್ಕೆ ಬೀಡಾ ಅಂಗಡಿಯವನು ನಾಲಿಗೆ ಚಾಚಿ ತೋರಿಸಿ ನಕ್ಕು, ಆಮೇಲೆ ಕೈ ತೋರಿಸಿದ. ಒಳಗೆ ಒಬ್ಬ ಮುದುಕ ಪಾಸ್‌ಪೋರ್ಟ್ ಫೋಟೋಗೆ ಸ್ಟೂಲಿನ ಮೇಲೆ ಕೂತಿದ್ದ. ಸುದರ್ಶನ್ ಅವನ ಕಾಲರು ಸರಿಮಾಡುತ್ತಿದ್ದವನು ತಿರುಗಿ ನೋಡಿದ. ಅವಳನ್ನು ಕಂಡು ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಬನ್ನಿ ಕಣಮ್ಮ. ಕೂತ್ಕಳಿ."

ಅವಳು ಕೂರಲಿಲ್ಲ. "ನಾನೇ ಎಣ್ಣೆ ಹಚ್ಚಿದ್ದೆ ಕಣಪ್ಪ," ಎಂದಳು ನಿಂತಲ್ಲೇ.

"ಗೊತ್ತು ಕಣಮ್ಮ. ವಾಸ್ನೇನೂ ಬಂದಿತ್ತು, ನೀರೂ ನಿಲ್ಲಲಿಲ್ಲ. ಅವತ್ತೇ ಗೊತ್ತಾಯ್ತು."

"ಮತ್ಯಾಕಪ್ಪ ಹೇಳ್ಲಿಲ್ಲ? ಅಷ್ಟು ಅಂದ್ರೂ ಅನ್ನಿಸ್ಕೊಂಡು ಹೋದ್ಯಲ್ಲ."

"ಯಜಮಾನ್ರು ಅಲ್ಲೇ ಕೂತಿದ್ರು. ಅವ್ರ ಎದ್ರುಗೆ ನಿಮ್ಮನ್ನ ಎಂಗೆ ಅನ್ನದು." ಅವನು ಮುದುಕನ ಹೆಗಲ ಮೇಲಿನ ಟವೆಲ್ಲು ತೆಗೆದು ಪಕ್ಕಕ್ಕಿಟ್ಟ. "ನೆಕ್ಕಿದ್ದು ನಂದೂ ತಪ್ಪೇ. ಕ್ಯಾಮೆರಾ ಇಡ್ಕಂಡಾಗ ಚೆನ್ನಾಗಿ ಬಂದ್ರೆ ಸಾಕು ಅನ್ನಿಸ್ಬುಡ್ತದೆ. ನೀವು ಬೈದಿದ್ದಕ್ಕೆ ನಂಗೇನೂ ಅನ್ನಿಸ್ಲಿಲ್ಲ. ಆಮ್ಯಾಲೆ ಊರೆಲ್ಲ ಏಳ್ಕಂಡು ಬಂದ್ರಲ್ಲ, ಅದು."

ಗಂಗಾಂಬಿಕೆ ಹಾಸನದಲ್ಲಿ ನಡೆದದ್ದು ಹೇಳಿದಳು. ಒಡವೆ ಅಂಗಡಿಗೂ ಹೋಗಿ ಹೇಳುತ್ತೇನೆ, ಮದುವೆಯ ಫೋಟೋ ಕೆಲಸ ಬಿಡಿಸಿದವರ ಮನೆಗೂ ಹೋಗುತ್ತೇನೆ ಎಂದಳು. ಅವನು ಎಲ್ಲಕ್ಕೂ ತಲೆಯಾಡಿಸಿದ. ಅವಳು ಸೆರಗಿನ ಗಂಟು ಬಿಚ್ಚಿ ಕಲ್ಲನ್ನು ಅಂಗೈ ಮೇಲಿಟ್ಟುಕೊಂಡು ಅವನ ಮುಂದೆ ಹಿಡಿದಳು. ಮಂಕು ಹಸಿರು, ಮಂಕು ಬಿಳಿ, ಒಣಗಿದ್ದು ಒಣಗಿದ ಹಾಗೇ ಇತ್ತು.

"ಇದನ್ನ ಇರೋ ಹಾಗೇ ಒಂದು ಫೋಟೋ ತೆಗೆದುಕೊಡಪ್ಪ. ಮಂಕಾಗೇ ಬರಲಿ. ಕೆಳಗೆ ನಿನ್ನ ಹೆಸರೂ ಹಾಕಿಸಿ ಕಾಲೇಜಲ್ಲೇ ಇಡಿಸ್ತೀನಿ. ನನ್ನಿಂದ ಇಷ್ಟಾದ್ರೂ ಆಗಲಿ."

ಸುದರ್ಶನ್ ಕಲ್ಲನ್ನು ನೋಡಿದ. ಕೈ ಮುಂದೆ ಮಾಡಲಿಲ್ಲ. ಎರಡೂ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ.

"ಬ್ಯಾಡಿ ಕಣಮ್ಮ. ನಿಮ್ಮ ಮ್ಯಾಲೆ ಸಿಟ್ಟೇನಿಲ್ಲ. ಆದ್ರೆ ಅದನ್ನ ಮುಟ್ಟಕ್ಕೆ ನಂಗೆ ಅಸಹ್ಯ ಆಯ್ತದೆ."

ಹೇಳಿ ಅವನು ಕ್ಯಾಮೆರಾದ ಕಡೆ ತಿರುಗಿ, ಗಲ್ಲ ಸ್ವಲ್ಪ ಮೇಲೆತ್ತಿ ಎಂದು ಮುದುಕನಿಗೆ ಹೇಳಿದ. ಗಂಗಾಂಬಿಕೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.